ಇಪ್ಪತ್ತೊಂದು ವರ್ಷದ ಫ್ರಿಜ್ಜು

ಪೀಣ್ಯದ ಅಂಚಿನಲ್ಲಿದ್ದ ಆ ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಫೋರ್‌ಮನ್ ಕೃಷ್ಣಸ್ವಾಮಿಯವರ ಹೆಂಡತಿ ಪಂಕಜಮ್ಮನಿಗೆ ಎರಡು ದೇವರು. ಒಂದು ಅಡುಗೆಮನೆಯ ಗೂಡಿನಲ್ಲಿ, ಇನ್ನೊಂದು ನಡುಮನೆಯಲ್ಲಿ. ನಡುಮನೆಯದು ಫ್ರಿಜ್ಜು. 1962ರಲ್ಲಿ ಯಂತ್ರ ಕೂರಿಸಲು ಬಂದಿದ್ದ ಜರ್ಮನ್ ಇಂಜಿನಿಯರು ಊರಿಗೆ ಹೊರಡುವಾಗ ಮಾರಿಹೋದದ್ದು. ಅದರ ತಲೆಯ ಮೇಲೆ ಕ್ರೋಷಾ ಹಾಕಿದ ಬಟ್ಟೆ, ಬಟ್ಟೆಯ ಮೇಲೆ ತಲೆಯಾಡಿಸುವ ತಂಜಾವೂರು ಗೊಂಬೆ. ಬಾಗಿಲಿಗೆ ಬೀಗವಿತ್ತು, ಅದರ ಕೀಲಿ ಪಂಕಜಮ್ಮನ ಸೊಂಟದಲ್ಲಿತ್ತು.

ಇಪ್ಪತ್ತು ವರ್ಷ ಆ ಸಾಲಿಗೆಲ್ಲ ಅದೊಂದೇ ಫ್ರಿಜ್ಜು. ಯಾರ ಮನೆಯಲ್ಲಿ ಜ್ವರವೆಂದರೂ ಐಸಿಗೆ ಬರಬೇಕಾದದ್ದು ಪಂಕಜಮ್ಮನ ಬಾಗಿಲಿಗೆ. ನಾಳೆಯ ಮದುವೆಗೆ ಮಲ್ಲಿಗೆ ಮೊಗ್ಗು ಇಡಬೇಕಾದರೂ ಅಲ್ಲಿಗೇ. ಈರುಳ್ಳಿ ಬೆರೆತದ್ದು ಕೂಡದು, ಅನ್ನ ಮುಸುರೆ ಕೂಡದು, ಎದುರು ಮಾತಾಡುವವರ ಹಾಲು ಮೊದಲೇ ಕೂಡದು. ಒಮ್ಮೆ ಎರಡನೇ ಮನೆಯ ಸೊಸೆ ನಮಸ್ಕಾರ ಮಾಡದೆ ಹೋದಳೆಂದು ಅವಳ ಮಗುವಿನ ನಾಮಕರಣಕ್ಕೆ ಇಟ್ಟಿದ್ದ ಹೂವನ್ನು ಮಧ್ಯಾಹ್ನದವರೆಗೂ ಕೊಡಲಿಲ್ಲ. ಕೀಲಿ ಸಿಗುತ್ತಿಲ್ಲ ಎಂದಳು. ಸೊಂಟದಲ್ಲೇ ನೇತಾಡುತ್ತಿತ್ತು.

ಆದರೆ ಎಲ್ಲ ದಿನವೂ ಒಂದೇ ಸಮನಾಗಿರುವುದಿಲ್ಲವಲ್ಲ. 82ರ ದೀಪಾವಳಿಗೆ ಪಕ್ಕದ ಮನೆಯ ವಸಂತಮ್ಮ ಹೊಸ ಫ್ರಿಜ್ಜು ತಂದಳು. ತಿಳಿ ಹಸಿರು ಬಣ್ಣ. ಅದಕ್ಕೆ ಬೀಗ ಇದ್ದರೂ ಅವಳು ಹಾಕುತ್ತಿರಲಿಲ್ಲ. ಐಸು ಕೇಳಿದವರಿಗೆ ಐಸು, ಜೊತೆಗೆ ನಗು. ಸಂಕ್ರಾಂತಿಯ ಹೊತ್ತಿಗೆ ಪಂಕಜಮ್ಮನ ಬಾಗಿಲಲ್ಲಿ ಲೋಟ ಹಿಡಿದು ನಿಲ್ಲುವವರೇ ಇಲ್ಲವಾದರು. ಅವಳ ಹೊಟ್ಟೆಯಲ್ಲಿ ಎದ್ದ ಉರಿಗೆ ಯಾವ ಐಸೂ ಸಾಲುತ್ತಿರಲಿಲ್ಲ.

ಸಾಲದ್ದಕ್ಕೆ ಮಾರ್ಚಿನಲ್ಲಿ ಫ್ರಿಜ್ಜೇ ಕೈಕೊಟ್ಟಿತು. ಮೊದಲು ಅದರ ಮೈ ಬೆವರತೊಡಗಿತು. ಆಮೇಲೆ ಬೆಳಗಿನ ಹಾಲು ಸಂಜೆಗೆ ಒಡೆಯತೊಡಗಿತು. ಹಗಲೂ ರಾತ್ರಿ ನಿಲ್ಲದೆ ಗೊಣಗಿದ ಮೋಟಾರು ಒಂದು ಬೆಳಿಗ್ಗೆ ಸುಮ್ಮನಾಯಿತು. ಪಂಕಜಮ್ಮ ಯಶವಂತಪುರದಿಂದ ರಾಮಪ್ರಸಾದ ಎಂಬ ಮೆಕ್ಯಾನಿಕ್ಕನನ್ನು ಕರೆಸಿದಳು. ಕರೆಸಿದ್ದಾದರೂ ಹೇಗೆ? ಸ್ಪ್ಯಾನರು, ಸ್ಕ್ರೂಡ್ರೈವರುಗಳನ್ನು ವೈರು ಬುಟ್ಟಿಯಲ್ಲಿಟ್ಟು ಮೇಲೆ ಬಾಳೆಹಣ್ಣು ಮುಚ್ಚಿಕೊಂಡು ಬರಬೇಕೆಂದು ತಾಕೀತು ಮಾಡಿ. ಯಾರೋ ಕೇಳಿದ್ದಕ್ಕೆ, ನಮ್ಮ ಅಣ್ಣನ ಮಗ, ತುಮಕೂರಿನಿಂದ ಬಂದಿದಾನೆ ಎಂದಳು.

ಅಣ್ಣನ ಮಗ ಹಿಂದೆ ಮುಂದೆ ತಟ್ಟಿ ನೋಡಿ ಕೈ ಒರೆಸಿಕೊಂಡ. "ಅಮ್ಮಾ, ಫ್ರಿಜ್ಜಿಗೂ ಆಯಸ್ಸು ಅಂತ ಒಂದಿರುತ್ತೆ. ಹದಿನೈದು ವರ್ಷ ನಡೆದ್ರೆ ಪುಣ್ಯ. ಇದು ನಿಮ್ಮನೇಲೇ ಇಪ್ಪತ್ತೊಂದು ಮುಗಿಸಿದೆ. ಮೈ ಬೆವರಿದಾಗ್ಲೇ ಬದಲಾಯಿಸ್ಬೇಕಿತ್ತು. ಕಂಪ್ರೆಸರ್ ಹೋಗಿದೆ, ಗ್ಯಾಸ್ ಹೋಗಿದೆ. ಇನ್ನು ರಿಪೇರಿ ಮಾಡಿಸೋದು ಹೆಣಕ್ಕೆ ಸಿಂಗಾರ ಮಾಡಿದ ಹಾಗೆ."

"ಲೈಟು ಉರೀತಿದೆಯಲ್ಲೋ?"

"ಲೈಟಿಗೂ ತಂಪಿಗೂ ಸಂಬಂಧ ಇಲ್ಲಮ್ಮ. ಲೈಟು ಉರೀತಾನೇ ಇರುತ್ತೆ."

ಹೊಸದಕ್ಕೆ ಹೆಸರು ಬರೆಸಿದ್ದಾಯಿತು. ಬರಲು ಮೂರು ತಿಂಗಳು. ಆ ಮೂರು ತಿಂಗಳು ಫ್ರಿಜ್ಜು ಸತ್ತಿರುವುದು ಸಾಲಿಗೆ, ಅದರಲ್ಲೂ ವಸಂತಮ್ಮನಿಗೆ, ತಿಳಿಯಕೂಡದು. ಹೆಣ ಮನೆಯಲ್ಲಿಟ್ಟುಕೊಂಡು ಹಬ್ಬ ಮಾಡುವವಳ ಹಾಗೆ ಪಂಕಜಮ್ಮ ದಿನಕ್ಕೆ ಹತ್ತು ಸಲ ಬಾಗಿಲು ತೆಗೆದು ಲೈಟು ತೋರಿಸುತ್ತಿದ್ದಳು. ಸದ್ದೇ ಇಲ್ಲವಲ್ಲ ಎಂದು ಯಾರಾದರೂ ಅಂದರೆ, "ಫಾರಿನ್ನು ಕಣ್ರೀ, ಸದ್ದು ಮಾಡೋಲ್ಲ. ಗುರುಗುಟ್ಟೋದು ಈಗಿನ ಹಸಿರು ಡಬ್ಬಗಳು" ಎನ್ನುತ್ತಿದ್ದಳು. ಕೃಷ್ಣಸ್ವಾಮಿ ಸಾಧು ಮನುಷ್ಯ. ಕಾರ್ಖಾನೆಯಲ್ಲಿ ನೂರು ಜನರನ್ನು ಗದರುವವರು ಮನೆಯಲ್ಲಿ ಹೆಂಡತಿ ಕೆಮ್ಮಿದರೆ ಎದ್ದು ನಿಲ್ಲುವರು. ಶಿಫ್ಟು ಮುಗಿಸಿ ಯಶವಂತಪುರದ ಐಸ್ ಫ್ಯಾಕ್ಟರಿಗೆ ಸೈಕಲ್ಲು ತುಳಿದು, ಗೋಣಿಯಲ್ಲಿ ಹೊಟ್ಟು ಹಾಕಿ ಸುತ್ತಿದ ಐಸಿನ ಗಡ್ಡೆ ತಂದು ಫ್ರಿಜ್ಜಿನೊಳಗೆ ಇಡುವುದು ಅವರ ಪಾಲಿಗೆ ಬಂತು.

ಏಪ್ರಿಲ್ ನಡುವಿನಲ್ಲಿ ಕಾರ್ಖಾನೆಯ ಶೆಡ್ಡುಗಳ ಹಿಂದೆ ಹುಚ್ಚುನಾಯಿಯೊಂದು ಲಕ್ಷ್ಮಯ್ಯನ ಮೀನಖಂಡಕ್ಕೆ ಬಾಯಿ ಹಾಕಿತು. ಕ್ವಾರ್ಟರ್ಸು ನಿಂತಿರುವ ನೆಲ ಒಂದು ಕಾಲಕ್ಕೆ ಲಕ್ಷ್ಮಯ್ಯನ ರಾಗಿಹೊಲ. ಈಗ ಅದೇ ನೆಲದ ಮನೆಗಳಿಗೆ ಅವನ ಹೆಂಡತಿ ಪಿಳ್ಳಮ್ಮ ಹಾಲು ಹಾಕುತ್ತಿದ್ದಳು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಎರಡನ್ನು ಸಿಟಿಯ ಆಸ್ಪತ್ರೆಯಲ್ಲೇ ಕೊಟ್ಟರು. ದಿನಾ ಬಸ್ಸು ಹತ್ತಿಳಿಯಲಾಗದಷ್ಟು ಕಾಲು ಬಾತಿತ್ತು. ಮಿಕ್ಕ ಹನ್ನೆರಡನ್ನು ಊರಿನಲ್ಲೇ ಚುಚ್ಚಲು ಕಾಂಪೌಂಡರ್ ಹನುಮಂತಯ್ಯ ಒಪ್ಪಿದ. ಒಂದೇ ಷರತ್ತು, ಔಷಧಿ ತಣ್ಣಗಿರಬೇಕು.

ಆಸ್ಪತ್ರೆಯವರು ಕೊಟ್ಟ ಹನ್ನೆರಡು ಸೀಸೆಗಳಿದ್ದ ಥರ್ಮಾಸ್ ಫ್ಲಾಸ್ಕನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಿಳ್ಳಮ್ಮ ಬಂದಾಗ ಪಂಕಜಮ್ಮ, ವಸಂತಮ್ಮ ಇಬ್ಬರೂ ಕಾಂಪೌಂಡಿನ ಆಚೆ ಈಚೆ ನಿಂತಿದ್ದರು.

"ಅಮ್ಮಯ್ಯ, ಇದ್ನ ತಣ್ಣುಗೆ ಮಡಗ್ಬೇಕಂತೆ. ಬಿಸಿ ತಾಕುದ್ರೆ ಔಸ್ದಿ ಸತ್ತೋಯ್ತದಂತೆ. ನಿಮ್ ಪೆಟ್ಗೇಲಿ ವಸಿ ಜಾಗ ಕೊಡ್ರವ್ವ. ನಮ್ಮನೆಯೋನ ಜೀವ ಇದ್ರಾಗೈತೆ."

ಪಂಕಜಮ್ಮ ಸೊಂಟದ ಕೀಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಅವಳು ಬಾಯಿ ತೆರೆಯುವ ಮುಂಚೆ ವಸಂತಮ್ಮ ಕೈ ಚಾಚಿದಳು. "ನಮ್ಮನೇಲಿ ಇಡು ಪಿಳ್ಳಮ್ಮ, ಹೊಸದು. ಪಂಕಜಮ್ಮನೋರದು ಪಾಪ, ಹಳೇದಾಗಿದೆ. ನಡೀತಿದೆಯೋ ಇಲ್ಲವೋ."

ಆ 'ಪಾಪ' ಎಂಬ ಎರಡಕ್ಷರ ಇತ್ತಲ್ಲ, ಅದು ಒಂದು ಜೀವ ತೆಗೆಯಿತು. ಫ್ಲಾಸ್ಕು ವಸಂತಮ್ಮನ ಬೆರಳಿಗೆ ತಾಕಿಯೂ ಇತ್ತು. ಪಂಕಜಮ್ಮ ಅದನ್ನು ಕಿತ್ತುಕೊಂಡಳು.

"ನಡೀತಿದೆಯೋ ಅಂದ್ರೆ? ಬಂದು ನೋಡ್ರೀ! ಮೊನ್ನೆ ಬಂದ ಡಬ್ಬ ನಂಬ್ಕೊಂಡು ಗಂಡನ ಜೀವ ಇಡ್ತೀಯೇನೇ ಪಿಳ್ಳಮ್ಮ? ಬಾ ಒಳಗೆ."

ಪಿಳ್ಳಮ್ಮ ಹೊಸ್ತಿಲಿನಾಚೆಯೇ ನಿಂತಳು, ನಡುಮನೆಗೆ ಅವಳಿಗೆ ಎಂದೂ ಕರೆ ಇರಲಿಲ್ಲ. ಪಂಕಜಮ್ಮ ಬೀಗ ತೆಗೆದು ಬಾಗಿಲು ಎಳೆದಳು. ಲೈಟು ಹತ್ತಿತು. ಹಿಂದಿನ ಸಂಜೆಯ ಐಸಿನ ತಂಪು ಇನ್ನೂ ಇತ್ತು. ಬೆಳಕು ಕಂಡು ಪಿಳ್ಳಮ್ಮ ಅಲ್ಲಿಂದಲೇ ಕೈ ಮುಗಿದಳು.

ಸಂಜೆ ವಿಷಯ ತಿಳಿದು ಕೃಷ್ಣಸ್ವಾಮಿಯವರ ಮುಖ ಬಿಳುಚಿಕೊಂಡಿತು. ಎರಡು ದಿನ ದೊಡ್ಡ ಗಡ್ಡೆಗಳನ್ನೇ ತಂದರು. ಮೂರನೆಯ ದಿನ ಬರಿಗೈಯಲ್ಲಿ ಬಂದರು.

"ಐಸ್ ಫ್ಯಾಕ್ಟರಿ ಮುಚ್ಚಿದೆ ಕಣೇ. ಸಣ್ಣ ಫ್ಯಾಕ್ಟರಿಗಳಿಗೆಲ್ಲ ಪವರ್ ಕಟ್ಟು. ಹತ್ತು ಹದಿನೈದು ದಿನ ಆಗುತ್ತಂತೆ. ಸೀಸೆಗಳನ್ನ ವಸಂತಮ್ಮನ ಮನೆಗೆ ಕೊಟ್ಟುಬಿಡು."

"ಏನಂತ ಕೊಡ್ಲಿ? ನಮ್ಮ ಮನೆ ಮರ್ಯಾದೆ ತೊಗೊಳ್ರೀ ಅಂತ ಕೊಡ್ಲಾ?"

"ಜಾಗ ಸಾಲದು ಅನ್ನು. ಏನೋ ಒಂದು ಅನ್ನು. ಅದು ಮನುಷ್ಯನ ಜೀವ, ಪಂಕಜಾ."

"ನಿಮ್ಮ ಕೆಲಸ ನೋಡ್ಕೊಳ್ಳಿ. ನಮ್ಮಮ್ಮನ ಮನೇಲಿ ಫ್ರಿಜ್ಜಿತ್ತೇ? ಮಡಕೇಲಿಟ್ಟ ಹಾಲು ಮೂರು ದಿನ ಇರ್ತಿತ್ತು."

ಮೂರು ದಿನ ಇರುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಹೊಸ ಮಡಕೆಗೆ ನೀರು ತುಂಬಿ, ಒದ್ದೆ ಬಟ್ಟೆ ಸುತ್ತಿ ಫ್ರಿಜ್ಜಿನೊಳಗಿಟ್ಟು, ಸೀಸೆಗಳನ್ನು ಅದರ ಪಕ್ಕದಲ್ಲಿ ಜೋಡಿಸಿ ಬೀಗ ಹಾಕಿದಳು. ಸತ್ತ ಫ್ರಿಜ್ಜಿನಷ್ಟು ಬೆಚ್ಚಗಿನ ಜಾಗ ಏಪ್ರಿಲ್ ತಿಂಗಳಲ್ಲಿ ಇನ್ನೊಂದಿಲ್ಲ. ಗಾಳಿಯಾಡದೆ ಒಳಗೆ ಹಬೆಯೇ ಕಟ್ಟಿತ್ತು. ಗಂಡ ಮಾತ್ರ ಇನ್ನೊಂದು ಮಾತಾಡಲಿಲ್ಲ. ಸಾಧು ಮನುಷ್ಯರ ಪಾಪ ಇರುವುದು ಇಲ್ಲೇ.

ಇನ್ನು ಅವಳ ಜಾಣತನ ಕೇಳಿ. ಪಿಳ್ಳಮ್ಮ ಬೆಳಿಗ್ಗೆ ಹಾಲು ಹಾಕಿ, ಅಂದಿನ ಸೀಸೆ ಇಸಿದುಕೊಂಡು ಹೋಗುತ್ತಿದ್ದಳು. ಅವಳು ಬರುವ ಅರ್ಧ ಗಂಟೆ ಮುಂಚೆ ಪಂಕಜಮ್ಮ ಎದ್ದು, ಸಾಲಿನ ಕೊನೆಯ ಮನೆಗೆ ಸದ್ದಿಲ್ಲದೆ ಹೋಗಿ, ತನ್ನ ಫ್ರಿಜ್ಜಿನಲ್ಲಿ ಔಷಧಿ ತುಂಬಿ ಐಸಿಗೆ ಜಾಗವಿಲ್ಲ, ತಲೆನೋವು ಬೇರೆ ಎಂದು ಎರಡು ತುಂಡು ಐಸು ಬೇಡಿ ತರುತ್ತಿದ್ದಳು. ಅಲ್ಲಿನ ಸೀತಾಲಕ್ಷ್ಮಿ ಅದನ್ನು ವಸಂತಮ್ಮನಿಂದಲೇ ತಂದಿಟ್ಟುಕೊಂಡಿರುತ್ತಿದ್ದಳು, ಹಿಂದಿನ ರಾತ್ರಿ, ಫ್ಲಾಸ್ಕಿನಲ್ಲಿ. ಆ ಐಸಿನ ಬಟ್ಟಲಲ್ಲಿ ಅಂದಿನ ಒಂದೇ ಒಂದು ಸೀಸೆಯನ್ನು ಮುಳುಗಿಸಿಟ್ಟು, ಒರೆಸಿ, ಬೀಗ ತೆಗೆದ ಸದ್ದು ಮಾಡಿ ಕೊಡುತ್ತಿದ್ದಳು. ಪಿಳ್ಳಮ್ಮ ಅದನ್ನು ಕೆನ್ನೆಗೊತ್ತಿಕೊಳ್ಳುತ್ತಿದ್ದಳು.

"ಐಸು ಐಸು! ಏನ್ ತಣ್ಣುಗೈತೆ ಅಮ್ಮಯ್ಯ. ನಿಮ್ಮ ಒಟ್ಟೆ ತಣ್ಣುಗಿರ್ಲಿ."

ಉಳಿದ ಹತ್ತು ದಿನ ಹೀಗೇ ನಡೆಯಿತು. ಐದನೆಯ ದಿನವೋ ಆರನೆಯ ದಿನವೋ ಸೀಸೆ ಒರೆಸುತ್ತಿದ್ದ ಪಂಕಜಮ್ಮನ ಕೈ ಒಮ್ಮೆ ನಿಂತಿತು. ಪಕ್ಕದ ಮನೆ ಎಂಟು ಹೆಜ್ಜೆ. ಇನ್ನೂ ಅರ್ಧಕ್ಕರ್ಧ ಸೀಸೆಗಳಿವೆ, ಹೇಳಿದರೆ ಆಸ್ಪತ್ರೆಯವರು ಬೇರೆ ಕೊಟ್ಟಾರು. ಅಷ್ಟರಲ್ಲಿ ಗೋಡೆಯಾಚೆ ವಸಂತಮ್ಮ ಯಾರಿಗೋ ಏನೋ ಹೇಳಿ ನಕ್ಕಳು. ಪಂಕಜಮ್ಮ ಸೀಸೆ ಒರೆಸುವುದನ್ನು ಮುಗಿಸಿದಳು.

ಕೊನೆಯ ಇಂಜೆಕ್ಷನ್ ಆದ ಮಾರನೆಯ ದಿನ ಪಿಳ್ಳಮ್ಮ ಈದ ಎಮ್ಮೆಯ ಗಿಣ್ಣು ಕಾಸಿ, ಬೆಲ್ಲ ಏಲಕ್ಕಿ ಹಾಕಿ, ದೊಡ್ಡ ತಪ್ಪಲೆಯಲ್ಲಿ ತಂದಳು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಎಲ್ಲಿ? ಮಾಡಿದವಳು ಗಿಣ್ಣು ಉಂಡಳು. ಚೆನ್ನಾಗಿದೆ ಎಂದು ಇನ್ನೊಂದು ಬಟ್ಟಲು ಬಡಿಸಿಕೊಂಡಳು.

ಜೂನ್ ಮೊದಲ ವಾರ ಲಕ್ಷ್ಮಯ್ಯ ಹೆಂಡತಿ ಕೊಟ್ಟ ನೀರಿನ ಚೊಂಬನ್ನು ಗೋಡೆಗೆ ಬೀಸಿದ. ಬಾವಿಯ ರಾಟೆಯ ಸದ್ದಿಗೆ ಕಿರುಚಿಕೊಂಡ. ಊರಿನವರು ಅವನನ್ನು ಕೊಟ್ಟಿಗೆಯಲ್ಲಿ ಕೂಡಿ ಹೊರಗಿನಿಂದ ಅಗುಳಿ ಹಾಕಿದರು. ಪಿಳ್ಳಮ್ಮ ಬಾಗಿಲ ಸಂದಿನಲ್ಲಿ ಕೂತು ಅವನ ಹೆಸರು ಹಿಡಿದು ಕರೆಯುತ್ತಿದ್ದಳು. ಇದ್ದಷ್ಟು ದಿನ ಒಮ್ಮೆಯೂ ಗಂಡನ ಹೆಸರೆತ್ತದವಳು. ನಾಲ್ಕನೆಯ ದಿನ ಕೊಟ್ಟಿಗೆ ಸುಮ್ಮನಾಯಿತು.

ಹನ್ನೊಂದರ ಕರ್ಮ ಕಳೆದು ಪಿಳ್ಳಮ್ಮ ಹಾಲು ತಂದಾಗ ಹಣೆ ಬರಿದಾಗಿತ್ತು. ಜಗಲಿಯ ಮೇಲೆ ಕೂತು, "ಅದ್ನಾಕ್ ಸೂಜಿ ಚುಚ್ಸಿದ್ರೂ ಎಂಗ್ ಓದ ಅಮ್ಮಯ್ಯ? ಔಸ್ದಿ ತಣ್ಣುಗೇ ಇತ್ತಲ್ಲ?" ಎಂದು ಕೇಳಿದಳು.

ಕೇಳಿದ್ದು ದೇವರನ್ನೋ ಪಂಕಜಮ್ಮನನ್ನೋ, ಅವಳಿಗೇ ಗೊತ್ತಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳಿ ಹೆಗಲು ಮುಟ್ಟಿಕೊಂಡಳು. "ಔಷಧಿಗೇನಾಗಿತ್ತು? ಪಥ್ಯ ಮಾಡಿಸಿದ್ಯಾ ನೀನು? ಹುರುಳಿ ಸಾರು ಹಾಕಿದ್ಯಾ?"

ಕಾಂಪೌಂಡರು ಪಥ್ಯದ ಮಾತೇ ಎತ್ತಿರಲಿಲ್ಲ. ಆ ಕ್ಷಣಕ್ಕೆ ತೋಚಿದ ಸುಳ್ಳು ಅದು. ಆದರೆ ರಾಗಿ ಉಣ್ಣುವ ಆ ಸೀಮೆಯಲ್ಲಿ ವಾರಕ್ಕೊಮ್ಮೆ ಹುರುಳಿ ಬೇಯದ ಒಲೆಯಿಲ್ಲ.

ಪಿಳ್ಳಮ್ಮನ ಬಾಯಿ ತೆರೆದದ್ದು ಹಾಗೇ ಇತ್ತು. "ಆಕಿದ್ದೆ ಕಣ್ರವ್ವ. ಬಾಯಿ ಕೆಟ್ಟದೆ ಅಂದ. ಎರಡ್ ಸರ್ತಿ ಆಕಿದ್ದೆ."

"ಮತ್ತೆ! ನಂಜು ಏರದೆ ಇರುತ್ತಾ? ನಾನು ಔಷಧೀನ ದೇವರ ಹಾಗೆ ಕಾಪಾಡಿದೆ. ನೀನು ಅಡುಗೆಮನೇಲಿ ಕೆಡಿಸಿದೆ."

ಪಿಳ್ಳಮ್ಮ ಎದೆ ಬಡಿದುಕೊಳ್ಳಲಿಲ್ಲ, ಅಳಲಿಲ್ಲ. ಮನೆಗೆ ಹೋಗಿ ಹುರುಳಿಯ ಮೂಟೆಯನ್ನು ತಿಪ್ಪೆಗೆ ಸುರಿದಳು. ಏಕೆಂದು ಕೇಳಿದ ಮಗ ಕೃಷ್ಣಪ್ಪನಿಗೆ ಮುಚ್ಚಿಡದೆ ಹೇಳಿದಳು. ಮುಚ್ಚಿಡುವುದು ಅವಳಿಗೆ ಬರುತ್ತಿರಲಿಲ್ಲ. ಅಂದಿನಿಂದ ಕೃಷ್ಣಪ್ಪ ತಾಯಿಯ ಕೈ ಅಡುಗೆ ಉಣ್ಣುವುದು ಬಿಟ್ಟ.

ಅದೇ ತಿಂಗಳ ಕೊನೆಗೆ ಹೊಸ ಫ್ರಿಜ್ಜು ಬಂತು. ಬಿಳಿಯದು, ವಸಂತಮ್ಮನದಕ್ಕಿಂತ ಒಂದು ಗೇಣು ಎತ್ತರ. ಸಾಲಿನವರೆಲ್ಲ ಸೇರಿದರು. ಹಳೆಯದನ್ನು ಪಿಳ್ಳಮ್ಮನಿಗೆ ಕೊಡುತ್ತೇನೆ, ರಾಗಿ ತುಂಬಿಡಲಿ, ಇಲಿ ಹೆಗ್ಗಣ ಬರುವುದಿಲ್ಲ ಎಂದು ಪಂಕಜಮ್ಮ ಎಲ್ಲರೆದುರು ಸಾರಿದ್ದಳು. ಪಿಳ್ಳಮ್ಮ ಎತ್ತಿನ ಗಾಡಿ ಹೊಡೆದುಕೊಂಡು ಬಂದಿದ್ದಳು.

ವಸಂತಮ್ಮ ಹಳೆಯ ಫ್ರಿಜ್ಜಿನ ಬಾಗಿಲು ತೆಗೆದು ಮೂಗು ಮುಚ್ಚಿದಳು. ಒಳಗೆ ಬೂಷ್ಟು ಕಟ್ಟಿತ್ತು. "ಏನ್ರೀ ಪಂಕಜಮ್ಮ, ಇದು ಕೆಟ್ಟು ಎಷ್ಟು ಕಾಲವಾಯ್ತು? ತಿಂಗಳುಗಟ್ಟಲೆ ಆಗಿರೋ ಹಾಗಿದೆಯಲ್ಲ? ಮತ್ತೆ ಆ ಸೀಸೆಗಳು..."

ಸಾಲಿಗೆ ಸಾಲೇ ಪಂಕಜಮ್ಮನ ಮುಖ ನೋಡಿತು. ಕೃಷ್ಣಸ್ವಾಮಿ ನೆಲ ನೋಡಿದರು. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಪಂಕಜಮ್ಮನ ನಾಲಿಗೆ ಹೊರಳಲಿಲ್ಲ.

"ಅಂಗನ್ಬ್ಯಾಡ್ರಿ ಅಕ್ಕಾ." ಗಾಡಿಯ ಪಕ್ಕದಿಂದ ಪಿಳ್ಳಮ್ಮ ಬಂದಳು. "ನಾನೇ ಸಾಕ್ಸಿ. ಹನ್ನೆರಡು ದಿನಾನೂ ಈ ಕೈಯ್ಯಾಗೆ ಇಸ್ಕೊಂಡಿವ್ನಿ, ಕೆನ್ನೆಗೆ ಮಡಿಕ್ಕಂಡು ನೋಡಿವ್ನಿ. ಐಸು ಐಸು ಇತ್ತು. ಅಮ್ಮಯ್ಯನ ಮ್ಯಾಲೆ ಮಾತಾಡಿದ್ರೆ ನಾಲ್ಗೆ ಬಿದ್ದೋದಾತು."

ಸಾಲು ತಲೆಯಾಡಿಸಿತು. ಗಂಡನನ್ನು ಕಳೆದುಕೊಂಡವಳೇ ಹೇಳಿದ ಮೇಲೆ ಇನ್ನೇನು? ವಸಂತಮ್ಮ ಕೆಂಪಾಗಿ ಹಿಂದೆ ಸರಿದಳು. ಪಂಕಜಮ್ಮನಿಗೆ ಉಸಿರು ಬಂತು, ಉಸಿರಿನ ಜೊತೆಗೆ ನಾಲಿಗೆಯೂ ಬಂತು.

ನಾಲ್ವರು ಸೇರಿ ಫ್ರಿಜ್ಜನ್ನು ಹೊತ್ತು ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿದರು. ಪಿಳ್ಳಮ್ಮ ಮಿಣಿ ಬಿಗಿದಳು. ಪಂಕಜಮ್ಮ ಸೊಂಟದಿಂದ ಹಳೆಯ ಕೀಲಿ ಬಿಚ್ಚಿ, ಎಲ್ಲರಿಗೂ ಕಾಣುವಂತೆ ಅವಳ ಕೈಗೆ ಹಾಕಿದಳು.

"ಬಾಗಿಲು ಭದ್ರವಾಗಿ ಹಾಕು ಪಿಳ್ಳಮ್ಮ. ಇದರೊಳಗೆ ಇಟ್ಟದ್ದು ಕೆಡೋಲ್ಲ."

ಪಿಳ್ಳಮ್ಮ ಕೀಲಿಯನ್ನು ಕಣ್ಣಿಗೊತ್ತಿಕೊಂಡಳು. "ನೀವ್ ಮಡಗಿದ್ದು ಕೆಡ್ಲಿಲ್ಲ ಅಮ್ಮಯ್ಯ. ನನ್ನ ಕೈಯ್ಯಾಗೆ ಕೆಡ್ತು" ಎಂದು ಎತ್ತುಗಳನ್ನು ಹೊಡೆದಳು.