ಗಿಡ್ಡರ ಕಾಳಗ

ಪ್ರಬುದ್ಧ ದಾಳ ಉರುಳಿಸಿದ. ಮೂರು ಬಿತ್ತು. ಅಷ್ಟಕ್ಕೆ ಏಟು ತಪ್ಪಬೇಕಿತ್ತು. ಆದರೂ ಅಕ್ಕ ಲುಂಬಿನಿ, "ನಿನ್ನ ಕತ್ತಿ ತಾಗ್ತು, ಕೊನೀ ಗಿಡ್ಡನೂ ಬಿದ್ದ" ಎಂದಳು.

ಅವನು ದಾಳವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. "ಸಾಕು ಅಕ್ಕಾ. ಇನ್ನ ಈ ಆಟ ಬ್ಯಾಡ."

ವಾಡಿಯ ರೈಲ್ವೆ ಕ್ವಾರ್ಟರ್ಸಿನ ಆ ಮನೆಯಲ್ಲಿ ಭಾನುವಾರದ ಮಧ್ಯಾಹ್ನವೆಂದರೆ ಕಥೆಯಾಟ. ಲುಂಬಿನಿ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವಳು. ಕಾಲೇಜಿನ ಗೆಳತಿ ಮಹೆವಿಶ ಶಹಾಬಾದಿನಲ್ಲಿ ಟೀಚರ್. ಇಬ್ಬರೂ ಓದುವಾಗ ಕಲಿತ ಆಟವಿದು. ಲುಂಬಿನಿ ಕಥೆ ನಡೆಸುತ್ತಾಳೆ, ಶತ್ರುಗಳೆಲ್ಲ ಅವಳ ಕೈಯೊಳಗೆ. ಪ್ರಬುದ್ಧ ಖಡ್ಗ ಹಿಡಿದ ವಜ್ರಬಾಹು, ಮಹೆವಿಶ ಬಿಲ್ಲುಗಾತಿ. ಯಾರ ಏಟು ತಾಗಿತು, ಯಾರದು ತಪ್ಪಿತು ಎಂಬುದನ್ನು ದಾಳ ಹೇಳಬೇಕು: ಐದೋ ಆರೋ ಬಿದ್ದರೆ ತಾಗಿತು, ಕಡಿಮೆ ಬಿದ್ದರೆ ತಪ್ಪಿತು.

ಬೇಸಿಗೆಯಲ್ಲಿ ಚಿತ್ತಾಪುರದ ರಸ್ತೆಯಲ್ಲಿ ಬೈಕ್ ಜಾರಿ ಪ್ರಬುದ್ಧನ ತೊಡೆಯ ಮೂಳೆ ಮುರಿಯಿತು. ಒಳಗೆ ರಾಡು ಹಾಕಿದರು. ಅಂದಿನಿಂದ ತಮ್ಮನನ್ನು ಸೋಲಿಸಲು ಲುಂಬಿನಿಗೆ ಮನಸ್ಸೇ ಬರಲಿಲ್ಲ. ಹುಡುಕಿ ಹುಡುಕಿ ಗಿಡ್ಡರನ್ನೇ ಕಳಿಸಿದಳು: ಮೊಣಕಾಲೆತ್ತರದ, ದೊಡ್ಡ ಕಿವಿಯ ಗುಹೆವಾಸಿಗಳು, ಒಂದೇಟಿಗೆ ಸಾಯುವವರು. ಡಾಕ್ಟರು ಹೇಳಿದ ಕಾಲಿನ ಕಸರತ್ತಿನಲ್ಲೂ ಹಾಗೆಯೇ. ಅವನು ಮುಖ ಹಿಂಡಿದರೆ ಸಾಕು, ಇವಳು "ಸಾಕು ಬಿಡು" ಅನ್ನುವಳು.

ಪ್ರಬುದ್ಧ ಆಟ ಸಾಕೆಂದ ಆ ಭಾನುವಾರ ಮೆಟ್ಟಿಲಿಳಿಯುತ್ತ ಮಹೆವಿಶ, "ನೀ ಅವಗ ಗೆಲ್ಲಸ್ಲಿಕತ್ತಿ ಲುಂಬಿನಿ, ಆಡಸ್ಲಿಕತ್ತಿಲ್ಲ" ಎಂದಳು.

"ಅಂವ ಎಷ್ಟು ನೋವು ತಿಂದಾನ, ನಿನಗೇನ್ ಗೊತ್ತು?"

"ಗೊತ್ತದ. ನೀ ಬೇಕಂತ ಸೋಲ್ತಿ ಅಂಬೋದು ಅವಗೂ ಗೊತ್ತದ."

ಲುಂಬಿನಿಗೆ ಸಿಟ್ಟು ಬಂತು. ಆ ವಾರ ಗೆಳತಿಗೆ ಫೋನೂ ಮಾಡಲಿಲ್ಲ.

ಗುರುವಾರ ಡ್ಯೂಟಿ ಮುಗಿಸಿ ಪ್ಲಾಟ್‌ಫಾರ್ಮ್ ದಾಟುವಾಗ ಕೋತಿಗಳ ಹಿಂಡೊಂದು ಬಾಳೆಹಣ್ಣಿನ ಚೀಲ ಹಿಡಿದ ಧಡೂತಿ ಮನುಷ್ಯನನ್ನು ಸುತ್ತಿಕೊಂಡಿತ್ತು. ಒಂದು ಎದುರು ನಿಂತು ಹಲ್ಲು ಕಿರಿಯಿತು. ಅವನು ಕೊಡೆ ಎತ್ತಿದ. ಅಷ್ಟರಲ್ಲಿ ಹಿಂದಿನದು ಚೀಲ ಜಗ್ಗಿತು. ಆ ಕಡೆ ತಿರುಗಿದರೆ ತಗಡಿನ ಚಾವಣಿಯ ಮೇಲಿನಿಂದ ಮತ್ತೊಂದು ಜಿಗಿಯಿತು. ಕೊಡೆಯ ಅಳತೆಯೊಳಗೆ ಒಂದೂ ನಿಲ್ಲಲಿಲ್ಲ. ಕೊನೆಗೆ ಚೀಲ ಮರದ ಮೇಲಿತ್ತು. ಲುಂಬಿನಿ ನಗುತ್ತ ನಿಂತವಳು ಥಟ್ಟನೆ ಸುಮ್ಮನಾದಳು. ತನ್ನ ಗಿಡ್ಡರು ಮಾತ್ರ ಸಾಲುಗಟ್ಟಿ ಬಂದು ಕತ್ತಿಗೆ ಕುತ್ತಿಗೆ ಕೊಡುತ್ತಿದ್ದರಲ್ಲ! ಜೀವದ ಆಸೆ ಇರುವ ಯಾರು ಹಾಗೆ ಮಾಡುತ್ತಾರೆ?

ಮನೆಗೆ ಹೋಗುತ್ತಲೇ ಮಹೆವಿಶಳಿಗೆ ಫೋನ್ ಮಾಡಿದಳು. "ಐತವಾರ ಬಾ."

"ಮತ್ತ ಅವೇ ಗಿಡ್ಡರಾ?" ಎಂದು ಪ್ರಬುದ್ಧ ಮೂಗು ಮುರಿದ.

"ಅವೇ. ಒಂದೇಟಿಗಿ ಸಾಯೋವೇ. ಇದೊಂದ್ ಸಲ ಆಡು."

ಭಾನುವಾರದ ಆಟದಲ್ಲಿ ವಜ್ರಬಾಹು ಹಾಳುಬಿದ್ದ ಕಲ್ಲಿನ ಗಣಿಯೊಳಗೆ ಇಳಿದ. ಎದುರು ಒಬ್ಬ ಗಿಡ್ಡ ನಾಲಿಗೆ ಚಾಚಿ ಅಣಕಿಸಿ ಓಡಿದ. ಇವನು ಬೆನ್ನಟ್ಟಿ ಇಕ್ಕಟ್ಟಾದ ಸಂದಿಯೊಳಗೆ ನುಗ್ಗಿದ. ಉದ್ದನೆಯ ಖಡ್ಗ ಬೀಸಲು ಅಲ್ಲಿ ಜಾಗವೇ ಇಲ್ಲ. ಮೇಲಿನಿಂದ ಬುಟ್ಟಿಗಟ್ಟಲೆ ಕಲ್ಲುಪುಡಿ ಸುರಿಯಿತು, ಕಣ್ಣು ಕಾಣದಾಯಿತು. ಯಾರೋ ದೀವಟಿಗೆ ಕಸಿದರು. ಕತ್ತಲೆಯಲ್ಲಿ ಕಾಲಿಗೆ ಹಗ್ಗ ಬಿತ್ತು.

"ಆಪಾ, ಬಾಣ ಬಿಡ್ರಿ!" ಪ್ರಬುದ್ಧ ಮಹೆವಿಶಳತ್ತ ತಿರುಗಿ ಕೂಗಿದ.

"ಯಾರಿಗಿ ಬಿಡ್ಲೋ? ನೀನ ಅಡ್ಡ ನಿಂತೀದಿ!"

ಅವನು ದಾಳ ಉರುಳಿಸಿದ. ನಾಲ್ಕು. ಲುಂಬಿನಿ ದಾಳವನ್ನು ನೋಡಿದಳು. ತಮ್ಮ ಅವಳ ಮುಖವನ್ನೇ ನೋಡುತ್ತಿದ್ದ.

"ತಪ್ಪಿತು" ಎಂದಳು. "ಗಿಡ್ಡ ನಿನ್ನ ಖಡ್ಗ ಕಸಗೊಂಡು ಓಡಿ ಹೋದ."

ಬಿಲ್ಲುಗಾತಿ ವಜ್ರಬಾಹುವಿನ ರಟ್ಟೆ ಹಿಡಿದು ಹೊರಗೆ ಎಳೆದು ತರುವಷ್ಟರಲ್ಲಿ ಅವನಲ್ಲಿ ಜೀವವೊಂದೇ ಉಳಿದಿತ್ತು. ಸತ್ತ ಗಿಡ್ಡರು ಇಬ್ಬರೇ. ಮಹೆವಿಶ ಮಂಡಕ್ಕಿ ಸುಸಲಾದ ತಟ್ಟೆಗೆ ಚಾಚಿದ ಕೈ ಹಿಂದೆ ತೆಗೆದಳು. ತಾನು ಮಾಡಿದ್ದು ಅತಿಯಾಯಿತೇ ಎಂದು ಲುಂಬಿನಿ ತಮ್ಮನ ಕಾಲಿನ ಕಡೆ ನೋಡಿದಳು.

ಪ್ರಬುದ್ಧ ಮೇಜು ಗುದ್ದಿ ನಕ್ಕ. ಅಪಘಾತವಾದ ಮೇಲೆ ಹಾಗೆ ಹೊಟ್ಟೆ ಹಿಡಿದು ನಕ್ಕಿರಲಿಲ್ಲ. "ನನ್ ಖಡ್ಗಾನೇ ಒಯ್ದ್ರಲ್ಲ, ಭಾಡಕಾವಗೋಳು! ಆದ್ರ ಅಕ್ಕಾ, ಮೊದ್ಲ ಹಿಂಗ್ಯಾಕ ಬರ್ಲಿಲ್ಲ ಅವು?"

"ನಿನಗ ನೋವಾಗ್ತದಂತ."

"ನೀ ಸುಳ್ಳ ಸೋತಾಗ ಅದಕ್ಕಿಂತ ಭಾಳ ನೋವಾಗ್ತಿತ್ತು." ಅವನು ತಲೆ ತಗ್ಗಿಸಿ ದಾಳವನ್ನು ಅಂಗೈಯಲ್ಲಿ ಹೊರಳಿಸಿದ. "ನನ್ ಕೈಲೆ ಇನ್ನೇನೂ ಆಗಂಗಿಲ್ಲ ಅಂತ ನೀನೂ ಅನ್ಕೊಂಡೀದಿ ಅನಸ್ತಿತ್ತು."

ಲುಂಬಿನಿಯ ಕಣ್ಣು ತುಂಬಿ ಬಂತು. ಅವನ ತಲೆಗೂದಲು ಕೆದರಿದಳು.

ಮರುದಿನ ಬೆಳಿಗ್ಗೆ ಕಸರತ್ತಿನ ಹೊತ್ತು. ಪ್ರಬುದ್ಧ ಹಲ್ಲು ಕಚ್ಚಿ ಕಾಲೆತ್ತಿದ. ಹಣೆಯ ಮೇಲೆ ಬೆವರು ಮೂಡಿತು. "ಸಾಕು" ಎನ್ನುವ ಮಾತು ಲುಂಬಿನಿಯ ತುಟಿಯವರೆಗೆ ಬಂತು. ಕಿಟಕಿಯಾಚೆ ಸಿಮೆಂಟ್ ತುಂಬಿದ ಗೂಡ್ಸ್ ಗಾಡಿಯ ಕಡೆಗೆ ನೋಡುತ್ತ ಅದನ್ನು ನುಂಗಿಕೊಂಡಳು.

"ಅಕ್ಕಾ," ಅವನು ಏದುಸಿರಿನ ನಡುವೆ ಕೇಳಿದ, "ಆ ಗಿಡ್ಡರಿಗಿ ಯಾರರೆ ನಾಯಕ ಅದಾನೇನು?"

"ಹೇಳಂಗಿಲ್ಲ" ಎಂದಳು ಲುಂಬಿನಿ. "ಇನ್ನೂ ಸ್ವಲ್ಪ ಮ್ಯಾಲೆತ್ತು."