ಬಡಗಣ ಕಿಟಕಿಯ ಹಲಗೆ

ಹಾಳೆಯಲ್ಲಿ ಮೂರು ಪ್ರಶ್ನೆಗಳಿದ್ದವು. ಇಂದಿನ ತರಬೇತಿಯಿಂದ ಏನು ಕಲಿತಿರಿ? ಯಾವುದು ಹಿಡಿಸಲಿಲ್ಲ? ನಿಮ್ಮ ಕೆಲಸದ ಜಾಗದಲ್ಲಿ ಏನು ಬದಲಾಗಬೇಕು? ಕೆಳಗೆ, ಹೆಸರು ಬರೆಯಬೇಕಾಗಿಲ್ಲ ಎಂದು ಅಚ್ಚಾಗಿತ್ತು. ಕಾಡಪ್ಪ ಪೆನ್ನಿನ ಟೊಪ್ಪಿಗೆ ತೆಗೆದ, ಹಾಕಿದ, ಮತ್ತೆ ತೆಗೆದ. ಪಕ್ಕದಲ್ಲಿ ಸಾಯಿಮಾ ಆಗಲೇ ಅರ್ಧ ಹಾಳೆ ತುಂಬಿಸಿದ್ದಳು.

ಬೈಲಹೊಂಗಲದ ಆ ಹತ್ತಿ ಮಾರಾಟ ಸಂಘದಲ್ಲಿ ಕಾಡಪ್ಪ ಇಪ್ಪತ್ತೆರಡು ವರ್ಷಗಳಿಂದ ಹತ್ತಿಯ ದರ್ಜೆ ನೋಡುತ್ತಿದ್ದ. ರೈತರು ತಂದ ಹತ್ತಿಯಿಂದ ಒಂದು ಹಿಡಿ ತೆಗೆದು, ಎರಡು ಹೆಬ್ಬೆರಳ ನಡುವೆ ಜಗ್ಗಿ, ಎಳೆಯ ಉದ್ದ ನೋಡಿ, ಒಂದನೇ ನಂಬರೋ ಎರಡನೆಯದೋ ಎಂದು ಹೇಳಬೇಕು. ಅದಕ್ಕೆ ಬಡಗಣ ಕಿಟಕಿಯ ತಂಪು ಬೆಳಕೇ ಆಗಬೇಕು. ನೇರ ಬಿಸಿಲಿನಲ್ಲಿ ಮಾಸಲು ಹತ್ತಿಯೂ ಬೆಳ್ಳಗೆ ಕಂಡು ಮೋಸಮಾಡುತ್ತದೆ. ಆ ಕಿಟಕಿಯ ಬುಡದ ಮೇಜು ಕಾಡಪ್ಪನದು. ಅಲ್ಲಿ ಕೂತವರ ಮಾತೇ ಕೊನೆಯ ಮಾತು. ಅದೇ ಕಿಟಕಿಯಿಂದ ಸಂಘದ ಗೇಟೂ ಕಾಣುತ್ತಿತ್ತು. ದೊಡವಾಡ, ಹೂಲಿ, ಸಿರಸಂಗಿಯ ಚಕ್ಕಡಿಗಳು ಒಳಗೆ ತಿರುಗುವಾಗಲೇ ರೈತರು ಕೈಯೆತ್ತಿ, "ಶರಣ್ರೀ ಕಾಡಪ್ಪಣ್ಣ" ಅನ್ನುತ್ತಿದ್ದರು. ಆ ಶರಣು ಕೇಳಿದ ಮೇಲೆಯೇ ಅವನಿಗೆ ದಿನ ಶುರುವಾದಂತೆ ಆಗುತ್ತಿತ್ತು.

ನಾಲ್ಕು ವರ್ಷದ ಹಿಂದೆ, ಸಂಘದ ಲಾರಿ ಓಡಿಸುವ ಹುಸೇನಪೀರ ಮಗಳು ಸಾಯಿಮಾಳನ್ನು ಕರೆತಂದು, "ಕಾಡಪ್ಪ, ನಿನ್ನ ಕೈಯಾಗ ಹಾಕೇನಿ. ನಿನ್ನ ವಿದ್ಯಾ ಒಂದೀಟು ಕಲಿಸೊ" ಅಂದಿದ್ದ. ಕಾಡಪ್ಪ ಮನಸಾರೆ ಕಲಿಸಿದ. ಈಗ ಅದೇ ರೈತರು ಬಾಗಿಲಲ್ಲಿ ಕತ್ತು ಚಾಚಿ ಕೇಳುತ್ತಿದ್ದರು:

"ಆ ಹುಡುಗಿ ಅದಾಳೇನ್ರಿ?"

"ಅದಾಳ. ನಾನೂ ಅದೇನಿ."

"ನೀವು ಇರಾವ್ರಽ ಬಿಡ್ರಿ. ಆಕಿ ಒಂದ್ಸಲ ನೋಡ್ಲಿ ಅಂತ."

ಆಗೆಲ್ಲ ಅವನು ಕೈಯಲ್ಲಿದ್ದ ಎಳೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಜಗ್ಗುತ್ತಿದ್ದ. ಮನೆಯಲ್ಲಿ ಊಟಕ್ಕೆ ಕೂತಾಗ, ರೊಟ್ಟಿ ಮುರಿಯುವ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದ. ಇವೇ ಬೆರಳು ಅಲ್ಲವೇ ಆಕೆಗೆ ಕಲಿಸಿದ್ದು?

ಈ ವರ್ಷ, ಎರಡು ಸಾವಿರದ ಮೂರರ ಸುಗ್ಗಿಗೆ, ಕಿಟಕಿಯ ಮೇಜು ಯಾರಿಗೆ ಎಂಬುದನ್ನು ತರಬೇತಿ ಮುಗಿದ ಮೇಲೆ ನೋಡೋಣ ಎಂದು ಕಾರ್ಯದರ್ಶಿ ಅಮೋಘಸಿದ್ದಪ್ಪ ಹೇಳಿಬಿಟ್ಟಿದ್ದರು.

ತರಬೇತಿ ಕೊಡಲು ಧಾರವಾಡದಿಂದ ಉಮಾಶ್ರೀ ಮೇಡಂ ಬಂದಿದ್ದರು. ನಮಗೇ ತಿಳಿಯದೆ ನಾವು ಮಾಡುವ ಭೇದಭಾವ, ಅದು ವಿಷಯ. ಬೆಳಿಗ್ಗೆ ಅವರು ಮೇಜಿನ ಮೇಲೆ ಹತ್ತಿಯ ನಾಲ್ಕು ಪೊಟ್ಟಣ ಇಟ್ಟರು. ಒಂದೊಂದರ ಮೇಲೂ ರೈತರ ಹೆಸರಿನ ಚೀಟಿ. ಹೂಲಿಯ ನಿಜಗುಣಪ್ಪಗೌಡರ ಹತ್ತಿಗೆ ಕಾಡಪ್ಪ ಒಂದನೇ ನಂಬರು ಬರೆದ. ದೊಡವಾಡದ ಶಟ್ಟೆವ್ವನದಕ್ಕೆ ಎರಡು. ಗೌಡರದು ಕರಿಮಣ್ಣಿನ ಹೊಲ, ಆಳುಕಾಳು ಬೇಕಾದಷ್ಟು. ಶಟ್ಟೆವ್ವ ಎರಡೆಕರೆಯ ವಿಧವೆ, ಬಿಡಿಸಿದ ಹತ್ತಿಯಲ್ಲಿ ಎಲೆಚೂರು ಇದ್ದೇ ಇರುತ್ತದೆ. ಇದನ್ನೆಲ್ಲ ಅವನು ಯೋಚಿಸಲೂ ಇಲ್ಲ, ಕೈ ಬರೆದುಬಿಟ್ಟಿತು.

"ಎರಡೂ ಒಂದಽ ರಾಶಿಯಿಂದ ತಗದದ್ರೀ, ಕಾಡಪ್ಪನವರ" ಅಂದರು ಮೇಡಂ, ಮೆಲ್ಲಗೆ.

ಯಾರೋ ಹಿಂದೆ ಕಿಸಕ್ಕೆಂದರು. ಸಾಯಿಮಾ ಮಾತ್ರ ಎರಡಕ್ಕೂ ಒಂದೇ ನಂಬರು ಹಾಕಿದ್ದಳು. ಚೀಟಿಗಳನ್ನು ಬೋರಲು ಮಾಡಿಟ್ಟು ಹತ್ತಿ ಮುಟ್ಟಿದ್ದಳು. ಅವಳು ನಗಲಿಲ್ಲ, ತಲೆ ತಗ್ಗಿಸಿದಳು. ನಕ್ಕಿದ್ದರೆ ವಾಸಿಯಿತ್ತು ಅನಿಸಿತು ಕಾಡಪ್ಪನಿಗೆ.

ಈಗ ಎರಡನೇ ಪ್ರಶ್ನೆಯ ಕೆಳಗೆ ಅವನು ಬರೆದ: 'ಕಲಿಸುವವರು ಹೆಂಗಸು, ಗೆದ್ದವಳೂ ಹೆಂಗಸು. ಇದು ಭೇದವಲ್ಲವೇ?' ಬರೆದು ಓದಿಕೊಂಡ. ಹಿತವಾಯಿತು.

ಸಾಯಿಮಾ ನೀರು ಕುಡಿಯಲು ಎದ್ದುಹೋದಳು. ಕಾಡಪ್ಪ ಕತ್ತು ತಿರುಗಿಸಿ ಅವಳ ಹಾಳೆ ನೋಡಿದ. 'ಇದು ನನಗೆ ಹೊಸದಲ್ಲ. ಚೀಟಿ ಬೋರಲಿಡು, ಕೈ ಮೊದಲು ಮಾತಾಡಲಿ ಎಂದು ಕಾಡಪ್ಪ ಕಾಕಾ ಮೊದಲ ದಿನವೇ ಕಲಿಸಿದ್ದಾರೆ.'

ಹೌದು, ಹೇಳಿದ್ದ. ತಾನೂ ಮೊದಮೊದಲು ಹಾಗೇ ಮಾಡುತ್ತಿದ್ದ. ಅದು ಯಾವಾಗ ಬಿಟ್ಟುಹೋಯಿತೋ ನೆನಪಿಲ್ಲ. ಚೀಟಿ ಬೋರಲಿಟ್ಟರೂ ಏನು ಬಂತು? ಕಿಟಕಿಯಲ್ಲಿ ಎತ್ತು ಕಂಡ ಕೂಡಲೇ ಯಾರ ಹತ್ತಿ ಎಂಬುದು ತಿಳಿದುಹೋಗುತ್ತಿತ್ತು. ಒಳ್ಳೆಯತನದಲ್ಲೂ ಈ ಹುಡುಗಿ ತನ್ನನ್ನು ದಾಟಿ ಕೂತಳಲ್ಲ ಎಂದು ಅವನಿಗೆ ಇನ್ನಷ್ಟು ಉರಿಯಿತು.

ಬರೆದ ಸಾಲನ್ನು ಕಾಣದಂತೆ ಗೀಚಿ ಹಾಕಿದ. ಮೂರನೇ ಪ್ರಶ್ನೆಗೆ ಬಂದ. ನಾಳೆ ಆ ಮೇಜು ಅವಳದೇ ಆಗುತ್ತದೆ. ಬೆಳಕು ಬೇಕಾದರೆ ತಗೊಳ್ಳಲಿ. ಆ ಗೇಟು, ಆ ಎತ್ತಿದ ಕೈಗಳು, ಆ ಶರಣು ಕೂಡ ಅವಳಿಗೇ? ಅವನ ಪೆನ್ನು ಸರಸರ ಓಡಿತು: 'ಬಡಗಣ ಕಿಟಕಿಯ ಕೆಳಗಿನ ಅರ್ಧಕ್ಕೆ ಹಲಗೆ ಹೊಡೆಸಬೇಕು. ಅಲ್ಲಿ ಕೂತವರಿಗೆ ಬೆಳಕು ಮಾತ್ರ ಬರಲಿ. ಗೇಟು ಕಾಣಬಾರದು. ರೈತ ಯಾರು ಎಂದು ಗೊತ್ತಾದರೆ ಕೈ ಸುಳ್ಳು ಹೇಳುತ್ತದೆ.'

ಮೂರು ದಿನ ಬಿಟ್ಟು ಅಮೋಘಸಿದ್ದಪ್ಪ ಕರೆಸಿದರು.

"ಹೆಸರ ಬರದಿಲ್ಲ ಖರೆ. ಇಪ್ಪತ್ತೆರಡ ವರ್ಷ ನಿನ್ನ ಅಕ್ಷರ ನೋಡೇನಿ, ತಮ್ಮಾ, ನನಗ ತಿಳಿಯೂದಿಲ್ಲೇನು? ಮೇಡಂ ಅವ್ರಂತೂ ಇಂಥಾ ಮಾತು ಎಲ್ಲೂ ಬಂದಿಲ್ಲ ಅಂದ್ರು. ತನ್ನ ತಪ್ಪು ತಾನಽ ಹಿಂಗ ಹಿಡದಾವಂಗ ಆ ಜಾಗಾ ತಪ್ಪಸೂದು ಹೆಂಗ? ನೀನಽ ಕುಂದ್ರು."

"ಸಾಯಿಮಾ, ಸಾಹೇಬ್ರ?"

"ಆಕಿ ಬಾಗಲ ಕಡೆ ಕುಂತು, ಮಾಲು ಇಳಿಸ್ಕೊಂಡು, ನಿನಗ ಕಳಸ್ತಾಳ."

ಬಡಿಗ ಬಂದು ಹಲಗೆ ಹೊಡೆದುಹೋದ. ಸುಗ್ಗಿ ಶುರುವಾಯಿತು. ಕಾಡಪ್ಪ ತನ್ನ ಮೇಜಿನಲ್ಲೇ ಕೂತ. ಹಲಗೆಯ ಮೇಲೆ ಒಂದು ತುಂಡು ಆಕಾಶ ಇತ್ತು, ಬೆಳಕು ಹಿತವಾಗಿತ್ತು. ಹೊರಗೆ ಎತ್ತಿನ ಗೆಜ್ಜೆಸರದ ಸದ್ದಾಯಿತು, ಚಕ್ಕಡಿ ನಿಂತಿತು.

"ಶರಣ್ರೀ ಸಾಯಿಮಾಬಾಯಿ. ಆರಾಮೇನ್ರಿ?"

"ಬರ್ರಿ, ಬರ್ರಿ. ಎತ್ತು ನೆಳ್ಳಿಗೆ ಕಟ್ರಿ."

ಅವನಿಗೆ ಎದ್ದು ನೋಡಬೇಕೆನಿಸಿತು. ತುದಿಗಾಲಲ್ಲಿ ನಿಂತರೂ ಕಾಣದಷ್ಟು ಎತ್ತರಕ್ಕೆ ಬಡಿಗ ಹಲಗೆ ಏರಿಸಿದ್ದ. ಸಾಯಿಮಾ ಒಂದು ಹಿಡಿ ಹತ್ತಿ ತಂದು, ಚೀಟಿ ಬೋರಲಾಗಿ ಇಟ್ಟಳು. ಕಾಡಪ್ಪ ಎಳೆಯನ್ನು ಜಗ್ಗಿದ. ಉದ್ದ ಇತ್ತು, ಗಟ್ಟಿಯಿತ್ತು.

"ಒಂದನೇ ನಂಬರು" ಅಂದ. ಆಮೇಲೆ ತಡೆಯಲಾಗದೆ, "ಯಾರದವಾ ಇದು? ಹೊರಗ ನಿನ್ನ ಮಾತಾಡ್ಸಿದ್ರಲ್ಲ, ಅವರದೇನು?"

ಸಾಯಿಮಾ ಚೀಟಿಯನ್ನು ಸೆರಗಿನ ತುದಿಯಲ್ಲಿ ಮುಚ್ಚಿಕೊಂಡಳು.

"ಕಾಕಾ, ಹಲಗಿ ಹೊಡಸ್ದಾವ್ರು ನೀವಽ ಅಲ್ರೀ?" ಅಂದಳು. ಹೊರಗೆ ಇನ್ನೊಂದು ಚಕ್ಕಡಿ ಬಂದ ಸದ್ದಿಗೆ ಬಾಗಿಲ ಕಡೆ ನಡೆದಳು.