ಬೇರೆಯವರ ಬಾಯಿ

ಮನೆಯಲ್ಲಿ ಮಗ ಅವಳನ್ನು ಅಮ್ಮ ಎನ್ನುತ್ತಾನೆ. ಡಬ್ಬಿಂಗ್ ಸ್ಟುಡಿಯೋದಲ್ಲಿ ಎಲ್ಲರೂ ಹುಡುಗ ಎನ್ನುತ್ತಾರೆ. ಕೂದಲು ನೆರೆತ ಈ ಹೆಂಗಸು ಬಾಯಿ ತೆರೆದರೆ ಸಾಕು, ಮೊಣಕಾಲಿಗೆ ಮಣ್ಣು ಮೆತ್ತಿಕೊಂಡ ಪೋರನೊಬ್ಬ ಹೊರಗೆ ಜಿಗಿಯುತ್ತಾನೆ. ಕಳೆದುಹೋದ ನೆರಳನ್ನು ಹುಡುಕುತ್ತ ಊರೂರು ಅಲೆಯುವ ಹುಡುಗನ ಜಪಾನಿ ಕಾರ್ಟೂನು, ಅಂದರೆ ಅನಿಮೆ, ಟೀವಿಯಲ್ಲಿ ಶುರುವಾದಾಗಿನಿಂದ ಕನ್ನಡದಲ್ಲಿ ಅವನ ದನಿ ಇವಳದೇ. ಒಂದು ತಲೆಮಾರಿನ ಮಕ್ಕಳು ಅದನ್ನು ತುತ್ತಿನ ಜೊತೆ ನುಂಗಿ ಬೆಳೆದಿದ್ದರು.

ಈಗ ಅದೇ ಕಥೆಗೆ ನಿಜವಾದ ನಟರನ್ನು ಹಾಕಿ ಸಿನಿಮಾ ಮಾಡಿದ್ದರು. ಹುಡುಗನಾಗಿ ಮೀಸೆ ಬೋಳಿಸಿಕೊಂಡ ದೊಡ್ಡ ನಟ, ಅವನಿಗೆ ದನಿ ಕೊಡಲು ಇನ್ನೊಬ್ಬ ದೊಡ್ಡ ನಟ. ಆಗ ಇವಳ ನೆನಪು ಯಾರಿಗೂ ಆಗಲಿಲ್ಲ. ಇವತ್ತು ಸಿನಿಮಾ ಕಂಪನಿಗೆ ಆಗಿತ್ತು, ಕರೆಸಿದ್ದರು. ಅದಕ್ಕೇ ಅವಳಿಗೆ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನೀರು ಕುಡಿದಳು, ಕನ್ನಡಕ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಹುಡುಗಾ, ಆ ಕಾಲು ಕುಣಿಸೋದು ನಿಲ್ಸು. ಮೈಕಿಗೆ ಕೇಳತ್ತೆ," ಎಂದ ಗಾಜಿನಾಚೆಯಿಂದ ಗುಂಡಣ್ಣ. ಸೌಂಡಿನ ಗುಂಡಿಗಳನ್ನೆಲ್ಲ ಆಳುವವನಾದ್ದರಿಂದ ಅವನಿಗೆ ಆ ಹೆಸರು. ಈಚೆ ಅವಳ ಪಕ್ಕದಲ್ಲಿ ರಾಕ್ಷಸಣ್ಣ, ಖಳನಾಯಕರಿಗೆಲ್ಲ ದನಿ ಕೊಡುವವನು. ಇರುವೆ ಎದುರಾದರೂ ದಾರಿ ಬಿಟ್ಟು ನಿಲ್ಲುವ ಆಸಾಮಿ.

ಸಿನಿಮಾ ಕಂಪನಿಯ ಮ್ಯಾನೇಜರು ಒಳಗೆ ಬಂದು ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟ. "ಥಿಯೇಟರಿಂದ ಹೊರಗೆ ಬಂದೋರ ಅಭಿಪ್ರಾಯ ಕ್ಯಾಮೆರಾದಲ್ಲಿ ಹಿಡಿದಿದೀವಿ. ಮುಖಗಳು ಚೆನ್ನಾಗಿ ಬಂದಿವೆ, ಮಾತು ಸರಿಯಿಲ್ಲ. ಮುಖ ಅವರದ್ದೇ ಇರಲಿ, ಮಾತು ನೀವು ಹಾಕಿ."

"ಅಂದ್ರೆ ಜನ ಉಗಿದಿದ್ದನ್ನ ನಾವು ಪನ್ನೀರು ಅನ್ಬೇಕು," ಎಂದಳು ಅವಳು.

ಮ್ಯಾನೇಜರು ನಕ್ಕ. "ಅನಿಮೆಯ ಹೊಸ ಕಂತುಗಳು ಬಂದಿವೆಯಮ್ಮ. ಹುಡುಗನ ದನಿ ಯಾರಿಗೆ ಅನ್ನೋದು ನನ್ನ ಕೈಲಿದೆ. ಇದೊಂದು ಮಾಡಿಕೊಡಿ, ಹುಡುಗ ನಿಮ್ಮವನೇ."

ಹುಡುಗನೂ ಕೈಬಿಟ್ಟರೆ ತಾನು ಯಾರು? ಸೋಪಿನ ಜಾಹೀರಾತಿನಲ್ಲಿ ಸೊಸೆಯ ಮೇಲೆ ಗೊಣಗುವ ಅತ್ತೆ, ಅಷ್ಟೇ. ಅವಳು ಹೆಡ್‌ಫೋನು ತಲೆಗೇರಿಸಿಕೊಂಡಳು.

ಪರದೆಯ ಮೇಲೆ ಮೊದಲು ಬಂದವನು ಕಟ್ಟುಮಸ್ತಾದ ಯುವಕ. "ಆ ಹೀರೋ ತಲೆ ಮೇಲಿರೋದು ಕೂದಲೋ ಪೊರಕೆಯೋ ಸ್ವಾಮಿ? ಹೇನು ಹತ್ತಿದ್ರೂ ಜಾರಿ ಬೀಳತ್ತೆ!" ರಾಕ್ಷಸಣ್ಣ ಕಣ್ಣು ಮುಚ್ಚಿಕೊಂಡು ಅವನ ಬಾಯಿಗೆ "ಹೀರೋ ಗೆಟಪ್ಪು ಸೂಪರ್, ಮೈ ಜುಮ್ಮಂತು!" ಎಂದು ತುರುಕಿದ. ಇನ್ನೊಬ್ಬ ನಡುವಯಸ್ಸಿನವನಿಗೆ ಸಿನಿಮಾ ನಿಜವಾಗಿಯೂ ಹಿಡಿಸಿತ್ತು. "ನೆರಳು ಸಿಕ್ಕಾಗ ಅತ್ತೇಬಿಟ್ಟೆ ಕಣ್ರೀ," ಎಂದಿದ್ದ.

"ಅದನ್ನೂ ತೆಗೀರಿ," ಎಂದ ಮ್ಯಾನೇಜರು. "ಅಳು ಅಂದ್ರೆ ಯಾರು ಬರ್ತಾರೆ?"

ಮೆಚ್ಚಿದವನ ಬಾಯಿಗೂ ಬೀಗ! ಅವಳ ಕಾಲು ಮತ್ತೆ ಕುಣಿಯತೊಡಗಿತು. ಅವಳೂ ಸಿನಿಮಾ ನೋಡಿದ್ದಳು, ಸೆರಗು ತಲೆಗೆಳೆದುಕೊಂಡು, ಕಳ್ಳಿಯ ಹಾಗೆ. ನಟನ ಕಣ್ಣು ಚೆನ್ನಾಗಿತ್ತು, ಅದನ್ನು ಇಲ್ಲವೆನ್ನಲು ಅವಳ ಹೊಟ್ಟೆಕಿಚ್ಚಿಗೂ ಆಗಿರಲಿಲ್ಲ. ಆದರೆ ಅದು ಅವಳ ಅಭಿಪ್ರಾಯ. ಯಾರೂ ಅದರ ಮೇಲೆ ಇನ್ನೊಬ್ಬರ ನಾಲಗೆ ಹೊಲಿದಿರಲಿಲ್ಲ.

ಅವಳ ಸರದಿ ಬಂತು. ಪರದೆಯ ಮೇಲೆ ಆಸ್ಪತ್ರೆಯ ನರ್ಸ್ ಉಡುಪಿನ ಹೆಂಗಸು, ಸೊಂಟದ ಮೇಲೆ ಮಗಳು. ಹಾಳೆಯಲ್ಲಿದ್ದದ್ದು: "ಅದ್ಭುತ! ಮನೆಮಂದಿಯೆಲ್ಲ ಮತ್ತೆ ಬರ್ತೀವಿ!" ಕಿವಿಯಲ್ಲಿ ಕೇಳಿದ್ದು ಬೇರೆ.

"ನನ್ನ ಮಗಳಿಗೆ ಮಾತು ತಡ ಆಯ್ತು. 'ತಡಿ, ನಂದಿನ್ನೂ ಮುಗಿದಿಲ್ಲ' ಅಂತ ಟೀವೀಲಿ ಆ ಹುಡುಗ ಅಂತಾನಲ್ಲ, ಅದೇ ಅವಳಾಡಿದ ಮೊದಲ್ನೇ ಮಾತು. ಇಲ್ಲಿ ಆ ಮಾತೂ ಇಲ್ಲ, ಆ ದನಿಯೂ ಇಲ್ಲ. ಯಾರನ್ನ ಕೇಳಿ ತೆಗೆದ್ರಿ?"

ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು. ಅವಳು ಬಾಯಿ ತೆರೆದಳು. "ನನ್ನ ಮಗಳಿಗೆ ಮಾತು ತಡ..." ಎಂದುಬಿಟ್ಟಳು.

"ಅಮ್ಮಾ, ಹಾಳೆ ನೋಡಿ!" ಎಂದ ಮ್ಯಾನೇಜರು.

ತಪ್ಪು ಅವಳದಲ್ಲ, ಕಸುಬಿನದು. ಇಷ್ಟು ವರ್ಷ ಅವಳ ಕಿವಿಗೆ ಬೀಳುತ್ತಿದ್ದದ್ದು ಜಪಾನಿ ಭಾಷೆ, ಅದರ ಗಂಧವೂ ಅವಳಿಗಿಲ್ಲ. ಕಿವಿ ಅದರ ಏರಿಳಿತ ಹಿಡಿಯುತ್ತಿತ್ತು, ನಾಲಗೆ ಹಾಳೆಯ ಮಾತು ಆಡುತ್ತಿತ್ತು. ಬರೆದ ಚಿತ್ರದ ಬಾಯಿಯೂ ಸುಮ್ಮನೆ ತೆರೆದು ಮುಚ್ಚುತ್ತದೆ, ಏನು ತುಂಬಿದರೂ ತಕರಾರಿಲ್ಲ. ಈಗ ಕಿವಿಗೆ ಬೀಳುತ್ತಿರುವುದು ತನ್ನದೇ ಭಾಷೆ, ಎದುರಿಗಿರುವುದು ಜೀವವಿರುವ ಬಾಯಿ. ನಾಲಗೆ ಯಾರ ಮಾತು ಕೇಳಬೇಕು?

ಮತ್ತೊಮ್ಮೆ ದೀಪ ಹತ್ತಿತು. ಮತ್ತದೇ ಜಾರಿಕೆ.

"ಏನ್ರೀ ಇದು? ಗುಂಡಣ್ಣ, ಅವರ ಕಿವಿಗೆ ಆ ಹೆಂಗಸಿನ ಮಾತು ನಿಲ್ಸಿ. ಬರೀ ತುಟಿ ನೋಡಿ ಹೇಳ್ಲಿ."

ಕಿವಿ ನಿಶ್ಶಬ್ದವಾಯಿತು. ನರ್ಸಿನ ತುಟಿ ಗಾಜಿನ ತೊಟ್ಟಿಯ ಮೀನಿನ ಹಾಗೆ ಅಲುಗಿತು. ಇಷ್ಟು ಜನರ ಮುಂದೆ ಆಡಿದ ಮಾತು ಎಲ್ಲಿ ಹೋಯಿತೆಂದು ಮಗು ತಾಯಿಯ ಬಾಯನ್ನೇ ನೋಡುತ್ತಿರುವಂತಿತ್ತು. ಈ ಸಲ ಅವಳ ನಾಲಗೆ ಜಾರಲಿಲ್ಲ. ಬೇಕೆಂದೇ, ಹುಡುಗನ ದನಿಯಲ್ಲಿ, ಗಾಜು ಅದುರುವ ಹಾಗೆ ಕೇಳಿದಳು:

"ಯಾರನ್ನ ಕೇಳಿ ತೆಗೆದ್ರಿ?"

ಗುಂಡಣ್ಣನ ಕೈ ಗುಂಡಿಯ ಮೇಲೇ ನಿಂತಿತು.

"ಹುಡುಗ ಹೋದ ಅಂದ್ಕೊಳ್ಳಿ," ಎಂದ ಮ್ಯಾನೇಜರು. "ನಿಮ್ಮಂಥ ದನಿ ಬೀದಿಗೆ ಹತ್ತು ಸಿಗತ್ತೆ."

"ಬೀದಿಗೇ ಹೋಗ್ತೀನಿ ಬಿಡಪ್ಪ," ಎಂದು ಅವಳು ಹೆಡ್‌ಫೋನು ಕಳಚಿಟ್ಟಳು.

ಬೀದಿಯಲ್ಲಿ ಬಿಸಿಲು ಸುಡುತ್ತಿತ್ತು. ಹುಡುಗ ಹೋಗಿದ್ದ, ಅದು ಸುಳ್ಳಲ್ಲ. ಎದೆಯೊಳಗೆ ತೊಟ್ಟಿಲು ಎತ್ತಿಟ್ಟ ಮನೆಯ ಖಾಲಿತನ. ಆದರೂ ಕಾಲು ಮನೆಯ ಕಡೆ ತಿರುಗದೆ ಥಿಯೇಟರಿನ ಕಡೆ ಎಳೆಯಿತು. ಬಾಗಿಲಲ್ಲಿ ಕಂಪನಿಯ ಕ್ಯಾಮೆರಾ ನಿಂತಿತ್ತು, ಪಕ್ಕದಲ್ಲಿ ಮುಂದಿನ ಆಟಕ್ಕೆ ಉದ್ದನೆಯ ಸಾಲು.

"ಸಿನಿಮಾ ನೋಡಿದ್ರಾ ಮೇಡಂ? ಹೇಗಿತ್ತು?" ಎಂದು ಕ್ಯಾಮೆರಾದವನು ಮೈಕು ಚಾಚಿದ.

ಇದರ ಮುಂದೆ ಆಡಿದ ಮಾತಿನ ಗತಿ ಏನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಕ್ಯಾಮೆರಾದ ಬಾಯಿ ಹೊಲಿಯಬಹುದು, ಸಾಲಿನಲ್ಲಿ ನಿಂತವರ ಕಿವಿ ಹೊಲಿಯಲಾಗುವುದಿಲ್ಲ. ಅವಳು ಮೈಕನ್ನು ಪಕ್ಕಕ್ಕೆ ಸರಿಸಿ ಸಾಲಿನ ಕಡೆ ತಿರುಗಿದಳು.

"ತಡೀರಿ!" ಎಂದಿತು ಹುಡುಗನ ದನಿ. "ನಂದಿನ್ನೂ ಮುಗಿದಿಲ್ಲ!"

ತಲೆಗಳೆಲ್ಲ ಒಟ್ಟಿಗೆ ಹೊರಳಿದವು. "ಅಯ್ಯೋ, ಇದು ನಮ್ಮ ಹುಡುಗ ಕಣೇ!" ಎಂದು ಯಾರೋ ಕೂಗಿದರು. ಸಾಲು ಮುರಿದು ಅವಳ ಸುತ್ತ ಕೂಡಿತು. ಸ್ಟುಡಿಯೋದಲ್ಲಿ ಬೆಳಗಿನಿಂದ ನಡೆದದ್ದನ್ನು ಅವಳು ಮೊದಲಿನಿಂದ ಹೇಳತೊಡಗಿದಳು, ತನ್ನದೇ ದನಿಯಲ್ಲಿ.